ಸೇಫ್ ಸ್ಪೇಸಿನಲ್ಲಿ ಮಂಜುಳ

ಹೋದ ತಿಂಗಳು ನಮ್ಮ ಶಿಡ್ಲಘಟ್ಟದಲ್ಲಿ ಒಬ್ಬ ಹುಡುಗಿ ತುಂಬಿದ ಹಾಲ್‌ನಲ್ಲಿ ಎದ್ದು ನಿಂತು ನಿಜ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮರುವಾರವೇ ಅವಳನ್ನು ಮಾಡುತ್ತಿದ್ದ ಕೆಲಸದಿಂದ ಎಬ್ಬಿಸಿ ಬಿಲ್ ಬರೆಯುವ ಕೌಂಟರಿನಲ್ಲಿ ಕೂರಿಸಿದರು.

ಹುಡುಗಿಯ ಹೆಸರು ಮಂಜುಳ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಊರಾಚೆಯ ಒಂದು ಚಾಕಿ ಸೆಂಟರ್‌ನಲ್ಲಿ ಇನ್‌ಚಾರ್ಜ್ ಆಗಿದ್ದಳು. ಮೊಟ್ಟೆಯೊಡೆದು ಬಂದ ರೇಷ್ಮೆ ಮರಿಹುಳುಗಳನ್ನು ಎರಡನೇ ಜ್ವರ ಕಳೆಯುವ ತನಕ ಸಾಕಿ, ಆಮೇಲೆ ರೈತರಿಗೆ ಕೊಡುವ ಜಾಗ ಅದು. (ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಮಲಗುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.) ನಾನೊಮ್ಮೆ ನೋಡಲು ಹೋಗಿದ್ದೆ. ಥೇಟ್ ನರ್ಸರಿ ಕ್ಲಾಸ್. ಹಿಪ್ಪುನೇರಳೆ ಸೊಪ್ಪನ್ನೂ ಸಣ್ಣಗೆ ಹೆಚ್ಚಿಯೇ ತಿನ್ನಿಸಬೇಕು.

ಆ ಸೆಂಟರಿನ ಓನರ್ ತಮ್ಮ ಸ್ಟಾಫಿಗಾಗಿ ಬೆಂಗಳೂರಿನಿಂದ ಒಬ್ಬ ಟ್ರೈನರ್‌ನನ್ನು ಕರೆಸಿದ್ದರು. ವಿಷಯ, ರಿಫ್ಲೆಕ್ಟಿವ್ ಪ್ರಾಕ್ಟೀಸ್. ಅಂದರೆ ಮಾಡಿದ ಕೆಲಸವನ್ನು ತಿರುಗಿ ನೋಡುವುದು. ಏನಾಯಿತು, ಯಾಕಾಯಿತು, ಇನ್ನೊಮ್ಮೆ ಹೇಗೆ ಮಾಡುತ್ತೇನೆ ಎಂದು ತನ್ನನ್ನೇ ಕೇಳಿಕೊಳ್ಳುವುದು. ರಿಟೈರ್ಡ್ ಇಂಗ್ಲಿಷ್ ಮಿಸ್ ಎಂದು ನನ್ನನ್ನು ಚೀಫ್ ಗೆಸ್ಟ್ ಮಾಡಿದ್ದರು. (ಮೈಸೂರು ಪೇಟವನ್ನೂ ತೊಡಿಸಿದರು. ನನ್ನ ತುರುಬಿನ ಮೇಲೆ ಅದು ನಿಲ್ಲಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತೆ.)

ಟ್ರೈನರ್ ತುಂಬಾ ಸ್ಮಾರ್ಟ್ ಹುಡುಗ. "ದಿಸ್ ಈಸ್ ಎ ಸೇಫ್ ಸ್ಪೇಸ್," ಅಂದ. "ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ಯಾರು ಫಸ್ಟ್ ಮಾತಾಡ್ತೀರ?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮಂಜುಳ ಎದ್ದಳು.

"ಹೋದ್ ಬ್ಯಾಚ್ ಸತ್ತಿದ್ದು ನನ್ನಿಂದ ಸಾರ್."

ಅಷ್ಟು ದಿನ ಎಲ್ಲರೂ ಮೊಟ್ಟೆ ಸರಿಯಿರಲಿಲ್ಲ ಅಂತ ಮಾತಾಡಿಕೊಂಡಿದ್ದರು.

"ಪಕ್ಕದ ಟೊಮ್ಯಾಟೊ ತೋಟದವ್ರು ಔಷಧಿ ಹೊಡೀತಿದ್ರು. ನಮ್ ಸೊಪ್ಪಲ್ಲಿ ಸ್ವಲ್ಪ ವಾಸನೆ ಇತ್ತು. ಗಾಳಿ ಆ ಕಡೆಗಿದೆ, ಏನಾಗಲ್ಲ ಅಂದ್ಕೊಂಡೆ. ಹುಳ ಜ್ವರದಿಂದ ಎದ್ದು ಹಸ್ಕೊಂಡಿದ್ವು. ಬೇರೆ ಕಡೆಯಿಂದ ಸೊಪ್ಪು ತರ್ಸೋಕೆ ಟೈಮ್ ಇರ್ಲಿಲ್ಲ. ಹಾಕ್ಸಿಬಿಟ್ಟೆ."

ಆಮೇಲಿನದು ಎಲ್ಲರಿಗೂ ಗೊತ್ತಿತ್ತು. ಹುಳುಗಳು ತಲೆ ಎತ್ತಿ ಎತ್ತಿ ಆಡಿಸಿದವು, ವಾಂತಿ ಮಾಡಿದವು, ಮುದುಡಿಕೊಂಡವು. ಅತ್ತ ಹುಳುಮನೆ ತೊಳೆದು ಕಾದಿದ್ದ ರೈತರಿಗೆ ಹುಳು ಬರಲಿಲ್ಲ. ತೋಟದಲ್ಲಿ ಸೊಪ್ಪು ಬಲಿತು ಹಾಳಾಯಿತು.

"ಮತ್ತೆ ಮುಂದಿನ ಸಲ?" ಟ್ರೈನರ್ ಮೆತ್ತಗೆ ಕೇಳಿದ.

"ಪಕ್ಕದವ್ರನ್ನ ಕೇಳ್ದೆ ಸೊಪ್ಪು ಕುಯ್ಸಲ್ಲ ಸಾರ್. ಕುಯ್ದ ಮೇಲೂ ಅನುಮಾನ ಬಂದ್ರೆ ಮೊದ್ಲು ಒಂದೇ ಟ್ರೇಗೆ ಹಾಕಿ ನೋಡ್ತೀನಿ. ಅವು ಚೆನ್ನಾಗಿದ್ರೆ ಮಿಕ್ಕಿದ್ದಕ್ಕೆ."

ನಾನು ಕೂತು ಎದ್ದ ಎಷ್ಟೋ ಟೀಚರ್ಸ್ ಟ್ರೈನಿಂಗ್‌ಗಳಲ್ಲಿ ಇಷ್ಟು ಕ್ಲಿಯರ್ ಆದ ಉತ್ತರ ಕೇಳಿಲ್ಲ. ಚಪ್ಪಾಳೆ ಶುರು ಮಾಡಿದ್ದೇ ನಾನು.

ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆಯೇ? ಶಿಡ್ಲಘಟ್ಟದಲ್ಲಿ? ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಅದು ಹೋಗಿ ಮುಟ್ಟಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕಾಯಿತು. ರೈತರು ಸೆಂಟರಿಗೆ ಬಂದು ಕೂಗಾಡಿದರು. (ಅವರ ಸಿಟ್ಟು ನ್ಯಾಯವೇ.) ಓನರ್ ಮಂಜುಳಳನ್ನು ಕರೆದು, "ನೀನೇ ಒಪ್ಕೊಂಡಿದ್ದೀಯಲ್ಲಮ್ಮ, ನಾನೇನ್ ಮಾಡ್ಲಿ?" ಅಂದರಂತೆ. ಬಾಯಿ ಮುಚ್ಚಿಕೊಂಡಿದ್ದಿದ್ದರೆ ಇವತ್ತಿಗೂ ಇನ್‌ಚಾರ್ಜ್ ಆಗಿರುತ್ತಿದ್ದಳು. ಮೊಟ್ಟೆಗೆ ಬಾಯಿ ಇಲ್ಲವಲ್ಲ.

ನಾನು ಓದುತ್ತಿದ್ದಾಗ ನಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ದಿನಾ ಸಂಜೆ ಚಾಪೆಲ್‌ನಲ್ಲಿ ಮಂಡಿಯೂರಿಸುತ್ತಿದ್ದರು. "ಎಕ್ಸಾಮಿನ್ ಯುವರ್ ಕಾನ್ಷಿಯನ್ಸ್, ಗರ್ಲ್ಸ್," ಎನ್ನುವರು ಸಿಸ್ಟರ್. ಕಣ್ಣು ಮುಚ್ಚಿ ಆ ದಿನವನ್ನು ಬೆಳಗಿನಿಂದ ಹಿಂಜಿ ನೋಡಬೇಕು. ಮೇಣದ ವಾಸನೆ, ನೋಯುವ ಮಂಡಿ, ಪಕ್ಕದವಳ ಆಕಳಿಕೆ. ಏನು ಸಿಕ್ಕಿತು ಎಂದು ಸಿಸ್ಟರ್ ಮಾತ್ರ ಒಂದು ದಿನವೂ ಕೇಳಲಿಲ್ಲ. ಇವರಿಗೆ ಆಸಕ್ತಿಯೇ ಇಲ್ಲ ಅಂದುಕೊಂಡಿದ್ದೆ. ಕೇಳದೇ ಇದ್ದದ್ದೇ ಅವರ ದೊಡ್ಡತನ ಎಂದು ಈಗ ಹೊಳೆಯುತ್ತಿದೆ.

ಈಗ ಸ್ಕೂಲು, ಆಸ್ಪತ್ರೆ, ಬ್ಯಾಂಕು, ಎಲ್ಲ ಕಡೆಯೂ ರಿಫ್ಲೆಕ್ಟ್ ಮಾಡಿ ಅನ್ನುತ್ತಾರೆ. ಒಳ್ಳೆಯದೇ. ಬರೀ ವರ್ಷ ಕಳೆದರೆ ಅನುಭವ ಬರುವುದಿಲ್ಲ, ಅಂಥ ಸೀನಿಯರ್‌ಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ತಪ್ಪನ್ನು ಹೇಳು ಅನ್ನುವವರೂ ಅವರೇ, ಹೇಳಿದ ತಪ್ಪಿಗೆ ಶಿಕ್ಷೆ ಕೊಡುವವರೂ ಅವರೇ ಆದರೆ, ಬುದ್ಧಿ ಇದ್ದವರು ಏನು ಹೇಳುತ್ತಾರೆ?

ಮೊನ್ನೆ ಮತ್ತೆ ಸೆಷನ್ ಆಯಿತು. ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಾ ಮಂಜುಳ ವರದಿ ಒಪ್ಪಿಸಿದಳು.

"ಹೊಸ ಇನ್‌ಚಾರ್ಜ್ ಎದ್ದು, 'ನನ್ ವೀಕ್‌ನೆಸ್ ಏನಂದ್ರೆ, ನಾನು ಊಟ ಬಿಟ್ಟು ಕೆಲಸ ಮಾಡ್ತೀನಿ' ಅಂದ್ರು ಮಿಸ್. ಟ್ರೈನರ್ ಸೂಪರ್ ಅಂದ್ರು."

"ಆ ಹೊಸ ಇನ್‌ಚಾರ್ಜ್‌ಗೆ ಒಂದು ಟ್ರೇ ವಿಷಯ ಹೇಳಿದೆಯೇನೇ?"

"ಹೇಳ್ದೆ. 'ಅದು ನಿಮ್ ಮಿಸ್ಟೇಕ್ ಅಲ್ವಾ ಮೇಡಂ, ನಮ್ದಲ್ವಲ್ಲ' ಅಂದ್ರು. ಏಮಿ ಚೇಸೇದಿ?" ಏನು ಮಾಡೋದು ಅಂತ. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತದೆ.

ಅಲ್ಲಿಗೆ ಅಷ್ಟು ಹುಳುಗಳ ಸಾವಿನಿಂದ ಆ ಸೆಂಟರ್ ಕಲಿಯಬಹುದಾಗಿದ್ದ ಒಂದೇ ಪಾಠವೂ ಹೋಯಿತು. ಅದೀಗ ಪಾಠವಲ್ಲ, ಮಂಜುಳಳ ಕಳಂಕ.

"ಇನ್ನೊಂದ್ಸಲ ನೀನು ಹುಳು ಸಾಕುವ ಕಡೆ ಹೋದಾಗ ಸೊಪ್ಪಲ್ಲಿ ವಾಸನೆ ಬಂದರೆ?" ಅಂದೆ.

ಅವಳು ದುಪಟ್ಟಾವನ್ನು ಜೋರಾಗಿ ಒದರಿ ತಂತಿಗೆ ಹಾಕಿದಳು.

"ಮೂಗು ಕಟ್ಟಿದೆ ಅಂತೀನಿ ಮಿಸ್."

ನೋಡಿ, ಹುಡುಗಿ ಎಷ್ಟು ಬೇಗ ಕಲಿತುಬಿಟ್ಟಳು.