ತವರಿಗೆ ಹೊರಟ ಗಾಡಿಯನ್ನು ತಡೆದವರು

ನಾನು ಹೊಸಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಪುರಸಭೆಯ ಸದಸ್ಯರಲ್ಲಿ ಒಬ್ಬ ವಕೀಲರಿದ್ದರು. ವಿರೋಧ ಪಕ್ಷ ಅಂದರೆ ಅವರೊಬ್ಬರೇ. ಅಧ್ಯಕ್ಷರು ಬೀದಿದೀಪ ಬೇಕು ಅಂದರೆ ಇವರು ಕತ್ತಲೆಯ ಪರ; ಕತ್ತಲೆಯೇ ಇರಲಿ ಅಂದರೆ ದೀಪದ ಪರ. ಮನುಷ್ಯ ಕೆಟ್ಟವರಲ್ಲ. ಹನ್ನೆರಡನೇ ವಯಸ್ಸಿಗೇ ವಿಧವೆಯಾದ ನಾನು ಬಳ್ಳಾರಿಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು ಬಂದಾಗ ಊರಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ. ಕರೆದು ಹಿತ್ತಲ ಕೋಣೆ ಕೊಟ್ಟವರು ಈ ವಕೀಲರ ಹೆಂಡತಿ. ಹಾಗಾಗಿ ಆ ಮನೆಯಲ್ಲಿ ನಡೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು.

ಒಂದು ದಿನ ವಕೀಲರು ಆಸ್ಪತ್ರೆಗೆ ಬಂದು ಜನನದ ರಿಜಿಸ್ಟರು ತಿರುವಿಹಾಕಿ ಬೆಚ್ಚಿಬಿದ್ದರು.

“ನರ್ಸಮ್ಮ, ಹೋದ ವರ್ಷಕ್ಕಿಂತ ಕೂಸು ಕಡಿಮಿ ಆಗ್ಯಾವಲ್ರಿ! ಈ ಅಧ್ಯಕ್ಷರ ಕಾಲದಾಗ ಮಂದಿ ಹುಟ್ಟೋದೂ ನಿಂತುಹೋತು.”

“ನಿಂತಿಲ್ರಿ ವಕೀಲ್ರ. ಈ ಸಲ ಊರಿಗೆ ಬಂದ ಸೊಸ್ತೇರು ಭಾಳ ಮಂದಿ ಕಂಪ್ಲಿ, ಸಂಡೂರಿನವ್ರು. ಚೊಚ್ಚಲ ಹೆರಿಗಿಗೆ ತವರಿಗೆ ಹೋಗ್ಯಾರ,” ಅಂದೆ.

ಅಷ್ಟು ಹೇಳಬಾರದಿತ್ತು. ಕಂಪ್ಲಿ ಆಗ ನಮ್ಮ ಊರಿನ ಹಾಗೆಯೇ ಮದ್ರಾಸು ಸರ್ಕಾರಕ್ಕೆ ಸೇರಿದ್ದು. ಅಲ್ಲಿ ಹುಟ್ಟಿದ ಕೂಸುಗಳನ್ನು ವಕೀಲರು ಕ್ಷಮಿಸಿದರು. ಸಂಡೂರು ಬೇರೆ ಸಂಸ್ಥಾನ, ಅಲ್ಲಿಗೆ ಬೇರೆ ರಾಜರು. ನಮ್ಮ ಊರಿನ ಮಕ್ಕಳು ಪರರಾಜ್ಯದಲ್ಲಿ ಕಣ್ಣು ಬಿಡುತ್ತಿದ್ದಾರೆ ಎಂಬ ಮಾತು ಅವರ ತಲೆಯೊಳಗೆ ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ.

ಮುಂದಿನ ಸಭೆಗೆ ರಿಜಿಸ್ಟರು ಹಿಡಿದುಕೊಂಡು ನಾನೂ ಹೋಗಬೇಕಾಯಿತು. ವಕೀಲರು ಎದ್ದು ನಿಂತು ಗುಡುಗಿದರು. “ಹಿಂಗ ಬಿಟ್ರ ನಮ್ಮ ಊರು ಹಂಪಿ ಆಗ್ತೈತಿ! ಕಲ್ಲು ಇರ್ತಾವ, ಮಂದಿ ಇರಂಗಿಲ್ಲ. ಊರಾಗ ಹಡಿಯೋ ಬಾಣಂತಿಗೆ ಪುರಸಭೆ ಒಂದು ಸೇರು ತುಪ್ಪ, ಕೊಬ್ಬರಿ, ಉಂಡಿ ಕಟ್ಟಾಕ ಅಂಟು, ಒಂದು ತೊಟ್ಲು ಕೊಡಬೇಕು. ತವರಿಗೆ ಹೋದಾಕಿಗೆ ಏನೂ ಇಲ್ಲ.”

“ಹಂಪಿ ಹಾಳಾಗಿದ್ದು ಹೆಣ್ಮಕ್ಳು ತವರಿಗೆ ಹೋಗಿದ್ದಕ್ಕೇನ್ರಿ?” ಎಂದರು ಅಧ್ಯಕ್ಷರು.

ನಗೆಯ ಅಬ್ಬರದಲ್ಲಿ ಗೊತ್ತುವಳಿ ಬಿದ್ದುಹೋಯಿತು. ವಕೀಲರು ಸೋಲೊಪ್ಪಲಿಲ್ಲ. “ಮುಂದಿನ ಸಭಾದಾಗ ಮತ್ತ ತರ್ತೀನಿ. ಮೊದಲ್ನೇ ಕೂಸು ನನ್ನ ಮನ್ಯಾಗ ಹುಟ್ಟತೈತಿ, ನೋಡ್ಕೊಂತಿರ್ರಿ,” ಎಂದು ಸಾರಿ ಬಂದರು.

ಅವರ ಸೊಸೆ ಆಗ ತುಂಬಿದ ಬಸುರಿ, ತವರು ಸಂಡೂರು. ಏಳನೇ ತಿಂಗಳಿಗೇ ಹೋಗಬೇಕಾದವಳನ್ನು ಮಾವ ಒಂಬತ್ತಾದರೂ ಬಿಡಲಿಲ್ಲ. ಹುಡುಗಿ ಒಲೆಯ ಮುಂದೆ ಕೂತು ಸುಮ್ಮನೆ ಅಳುತ್ತಿದ್ದಳು. “ಇಲ್ಲೇನು ಕಡಿಮಿ ಐತಿ ನಿನಗ? ತುಪ್ಪ ಬೇಕೇನು?” ಎಂದು ಮಾವ ಕೇಳಿದಾಗ, “ತುಪ್ಪ ಬ್ಯಾಡ್ರಿ ಮಾವಾರ, ಅವ್ವ ಬೇಕು,” ಎಂದಳು. ಅವರು ಪೇಪರು ಅಡ್ಡ ಹಿಡಿದುಕೊಂಡರು.

ಮರುಸಭೆಯ ದಿನ ವಕೀಲರು ಕೋಟು ಹಾಕಿಕೊಂಡು ಅತ್ತ ಹೋಗುವುದಕ್ಕೂ ಅವರ ಹೆಂಡತಿ ಇತ್ತ ಗಾಡಿ ಕಟ್ಟಿಸುವುದಕ್ಕೂ ಸರಿಹೋಯಿತು. “ನೀವೂ ಹತ್ರಿ ನರ್ಸಮ್ಮ, ದಿನ ತುಂಬ್ಯಾವ,” ಅಂದರು. ಹುಲ್ಲಿನ ಮೇಲೆ ಕೌದಿ ಹಾಸಿ ಹುಡುಗಿಯನ್ನು ಮಲಗಿಸಿ ಮೂವರೂ ಹೊರಟೆವು.

ಸಂಸ್ಥಾನದ ಸುಂಕದ ಕಟ್ಟೆ ಮುಟ್ಟುವಾಗ ನಡುಮಧ್ಯಾಹ್ನ. ಅಲ್ಲಿನ ಕಾವಲುಗಾರ ದಾರಿಗೆ ಅಡ್ಡ ಕಟ್ಟಿದ್ದ ಬಿದಿರು ಎತ್ತಿದ. ಎತ್ತುಗಳು ದಾಟಿದವು. ಅಷ್ಟರಲ್ಲಿ ಹಿಂದಿನಿಂದ ಒಂದು ಜಟಕಾ ಧೂಳೆಬ್ಬಿಸಿಕೊಂಡು ಬಂತು. ಸಭೆಯ ನಡುವೆ ಸುದ್ದಿ ಮುಟ್ಟಿ, ಅರ್ಧ ಭಾಷಣಕ್ಕೇ ಓಡಿಬಂದ ವಕೀಲರು! ಅವರು ಇಳಿದವರೇ ನಮ್ಮ ಗಾಡಿಯ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

“ಗಾಡಿ ಇನ್ನೂ ಮದ್ರಾಸಿನಾಗ ಐತಿ! ಹಿಂದಕ್ಕ ತಗೀಲೇ!”

“ಎತ್ತು ನಮ್ಮ ರಾಜ್ಯದಾಗ ಬಂದಾವಲ್ರಿ,” ಎಂದ ಕಾವಲುಗಾರ.

ಈ ಜಗ್ಗಾಟದಲ್ಲೇ ಹುಡುಗಿಗೆ ನೋವು ಶುರುವಾಯಿತು. ಕಾವಲುಗಾರನ ಗುಡಿಸಲು ಹತ್ತು ಹೆಜ್ಜೆಯಲ್ಲಿತ್ತು. ಅಲ್ಲಿಗೆ ಕರೆದೊಯ್ಯೋಣ ಅಂದರೆ, ಅದು ಸಂಸ್ಥಾನದ ಗುಡಿಸಲು, ಆಗದು ಎಂದರು ವಕೀಲರು. ಕಾವಲುಗಾರನೋ ಸರ್ಕಾರಿ ಪುಸ್ತಕ ತಂದು, “ಗಾಡಿಯವ್ನ ಬಿಟ್ಟು ಒಳಗ ಹೋಗೋರು ಮೂರು ಮಂದಿ ಬರೀಲ್ಯೋ, ನಾಕು ಬರೀಲ್ಯೋ?” ಎಂದು ಕೇಳತೊಡಗಿದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆ ಕೊಟ್ಟ ಯಜಮಾನರು ಎಂಬುದನ್ನೂ ಮರೆತೆ. “ಇಬ್ರೂ ಬಾಯಿ ಮುಚ್ಚಿರಿ! ನೀನು ಜಲ್ದಿ ನೀರು ಕಾಸು. ವಕೀಲ್ರ, ನೀವು ಧೋತ್ರ ಅಡ್ಡ ಹಿಡ್ಕೊಂಡು ಆ ಕಡೀ ಮಾರಿ ಮಾಡಿ ನಿಂದರ್ರಿ!”

ವಕೀಲರು ಜಟಕಾದವನ ಹೆಗಲ ಮೇಲಿನ ಧೋತರ ಇಸಿದುಕೊಂಡು ಒಂದು ತುದಿ ಹಿಡಿದರು, ಇನ್ನೊಂದು ತುದಿ ಜಟಕಾದವನು ಹಿಡಿದ. ಬಿಸಿಲಲ್ಲಿ ಕದಲದೆ ನಿಂತರು. ಗಾಡಿಯೊಳಗಿನಿಂದ ಹುಡುಗಿ “ಅವ್ವಾ” ಎಂದು ಕೂಗಿದಾಗಲೆಲ್ಲ ಧೋತರ ಇನ್ನಷ್ಟು ಮೇಲಕ್ಕೇರುತ್ತಿತ್ತು. ಒಮ್ಮೆ ವಕೀಲರು ತಿರುಗದೆಯೇ, “ನರ್ಸಮ್ಮ, ಹುಡುಗಿ ಉಳೀತಾಳಲ್ರಿ?” ಎಂದು ಕೇಳಿದರು. ಅವರ ದನಿ ಹಾಗೆ ಸಣ್ಣಗಾದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಕೈಗೆ ಕೊಟ್ಟಾಗ ವಕೀಲರು ಕೋಟಿನ ಅಂಚಿನಿಂದ ಅದರ ಮುಖಕ್ಕೆ ಬಿಸಿಲು ಮರೆಮಾಡಿದರು. ಕಾವಲುಗಾರ ಮತ್ತೆ ಪುಸ್ತಕ ತೆರೆದ.

“ನಾಕು ಬರಿ. ಅಲ್ಲ, ಐದು ಬರಿ. ನಾನೂ ಬರ್ತೀನಿ,” ಎಂದರು ವಕೀಲರು. ಸಂಡೂರಿನವರೆಗೂ ಗಾಡಿಯ ಪಕ್ಕದಲ್ಲೇ ನಡೆದು ಬಂದರು. ಗಾಲಿ ಕಲ್ಲಿಗೆ ಹತ್ತಿದಾಗಲೆಲ್ಲ ಗಾಡಿಯವನಿಗೆ ಬೈಗುಳ.

ಇತ್ತ ಊರಲ್ಲಿ ಅಧ್ಯಕ್ಷರಿಗೆ ಮಜಾ ಹತ್ತಿತ್ತು. ವಕೀಲರನ್ನು ಕೆಣಕಲೆಂದೇ ತುಪ್ಪದ ಗೊತ್ತುವಳಿಯನ್ನು ತಾವೇ ಮುಂದಿನ ಸಭೆಗೆ ತಂದರು. ವಕೀಲರು ಎದ್ದುನಿಂತು ತಮ್ಮದೇ ಗೊತ್ತುವಳಿಯನ್ನು ಒಂದು ತಾಸು ವಿರೋಧಿಸಿದರು. “ಹೆಣ್ಮಕ್ಳು ತವರಿಗೆ ಹೋಗಬೇಕ್ರಿ! ಬೇಕಾದ್ರ ಪುರಸಭೆ ಗಾಡಿ ಕೊಡಲಿ!” ತುಪ್ಪ ಪಾಸಾಯಿತು, ಗಾಡಿ ಬಿದ್ದುಹೋಯಿತು. ತುಪ್ಪ ತಿನ್ನಲೆಂದು ತವರಿಗೆ ಹೋಗುವುದನ್ನು ಬಿಟ್ಟವರನ್ನು ನಾನಂತೂ ಕಾಣಲಿಲ್ಲ.

ಅದಾದ ಮೇಲೆ ಒಂದು ದಿನ ವಕೀಲರು ಆಸ್ಪತ್ರೆಗೆ ಬಂದು, ರಿಜಿಸ್ಟರು ಮುಟ್ಟದೆ, “ಇಲ್ಲಿ ಹಡಿಯೋರಿಗೆ ಏನು ಬೇಕ್ರಿ?” ಎಂದು ಕೇಳಿದರು. ಹೆರಿಗೆ ಕೋಣೆಗೆ ಬಾಗಿಲಿಲ್ಲ, ಗೋಣಿತಟ್ಟು ಇಳಿಬಿಟ್ಟಿದ್ದೇವೆ ಅಂದೆ. ಅವರು ನಾಲ್ಕು ಸಭೆ ಜಗಳಾಡಿ ಬಾಗಿಲು ಹಾಕಿಸಿದರು. ಬಡಗಿ ಚಿಲಕವನ್ನು ಮಾತ್ರ ಹೊರಗಡೆಗೆ ಬಡಿದು ಹೋದ. ಅವನು ಮತ್ತೆ ಬಂದು ಅದನ್ನು ಒಳಗಡೆಗೆ ಬಡಿಯುವವರೆಗೆ, ಒಂದು ವಾರ ಪೂರ್ತಿ ವಕೀಲರೇ ದಿನಾ ಕೋರ್ಟಿಗೆ ಹೋಗುವ ಮುಂಚೆ ಬಂದು, ಬಾಗಿಲು ತೆಗೆಯದೆಯೇ, “ಒಳಗ ಯಾರಾದ್ರೂ ಸಿಕ್ಕೊಂಡೀರೇನ್ರಿ?” ಎಂದು ಹೊರಗಿನಿಂದ ಕೂಗಿ ಕೇಳಿ ಹೋಗುತ್ತಿದ್ದರು.