ಭಜ್ಜಿ ಕಲಿಸಿದವರ ಹೆಸರು

ನನ್ನ ಮೊಮ್ಮಗಳು ರೇಣುಕಾಳ ಅಡುಗೆ ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ! ಹುಮನಾಬಾದಿನ ಬಸ್ಸಿಳಿದು ಓಡುತ್ತ ಬಂದು ಅವಳು ಈ ಸುದ್ದಿ ಹೇಳಿದ್ದೇ ತಡ, ಓಣಿಗೆಲ್ಲ ಸಕ್ಕರೆ ಹಂಚಿದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ನನ್ನ ಹೆಸರು ಪುಸ್ತಕದಲ್ಲಿ! ಆದರೆ ಆ ಪುಸ್ತಕದಲ್ಲಿ ಒಂದು ಸುಳ್ಳಿದೆ. ಅದನ್ನು ಬರೆಸಿದವಳೂ ನಾನೇ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಸೊಪ್ಪು-ಕಾಳಿನ ಭಜ್ಜಿಯನ್ನು ನಾನು ನನ್ನ ತಾಯಿಯಿಂದ ಕಲಿತೆ ಎಂದು ಅದರಲ್ಲಿದೆ. ಇಲ್ಲ. ಕಲಿಸಿದವಳು ಕಾಶೀಬಾಯಿ.

ನಾನು ಮದುವೆಯಾಗಿ ಬಂದ ಮೊದಲ ವರ್ಷ. ಮೋರಖಂಡಿಯ ನಮ್ಮ ಹೊಲದಲ್ಲಿ ನಾನಿಟ್ಟ ಭಜ್ಜಿ ತಳ ಹಿಡಿದು ಸೀದುಹೋಯಿತು. ಪೂಜೆ ಮುಗಿಸಿ ಅತ್ತೆ, ಬೀಗರು ಇನ್ನೇನು ಬರುವ ಹೊತ್ತು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಕಾಶಿ — ನನಗಿಂತ ದೊಡ್ಡವಳು, ಆದರೂ ಹಾಗೇ ಕರೆಯುತ್ತಿದ್ದೆ — ಬದುವಿನಾಚೆ ಮೂರು ಕಲ್ಲಿಟ್ಟು ತನ್ನವರಿಗೆ ಮಾಡಿದ್ದ ಭಜ್ಜಿಯನ್ನು ತಂದು ನನ್ನ ಪಾತ್ರೆಗೆ ಬಗ್ಗಿಸಿಬಿಟ್ಟಳು.

"ಅಳಬ್ಯಾಡ್ರಿ ಅವ್ವಾರ. ನಮ್ಮ ಹುಡುಗರಿಗಿ ರೊಟ್ಟಿ-ಖಾರ ಸಾಕು."

ಆಕೆಯ ಮನೆಯ ನೀರನ್ನೂ ಮುಟ್ಟದ ನಮ್ಮ ಮಂದಿ ಬೆರಳು ನೆಕ್ಕಿ ಉಂಡರು.

"ಯಾರ್ ಕಲಿಸ್ಯಾರ ನಿನಗ ಇದನ್ನ?" ಅತ್ತೆ ಕೇಳಿದರು.

"ನಮ್ಮವ್ವ ಛಲೋ ಕಲಿಸ್ಯಾಳ್ರಿ" ಎಂದೆ.

ಕಾಶಿ ದೂರ ಬದುವಿನ ಮೇಲೆ ಕೂತಿದ್ದಳು. ಕೇಳಿಸಿರಲಿಕ್ಕಿಲ್ಲ — ಇಷ್ಟು ವರ್ಷ ಹಾಗೇ ನಂಬಿಕೊಂಡೆ. ಆಮೇಲೆ ಕದ್ದು ಹೋಗಿ ಅದನ್ನು ಮಾಡುವ ಬಗೆ ಕೇಳಿದ್ದೂ ಅವಳನ್ನೇ. ಕಡಲೆಹಿಟ್ಟನ್ನು ನೀರಲ್ಲಲ್ಲ, ಹುಳಿ ಅಂಬಲಿಯಲ್ಲಿ ಕದಡಬೇಕು ಎಂದು ಏನನ್ನೂ ಮುಚ್ಚಿಡದೆ ಹೇಳಿಕೊಟ್ಟಳು. ಮುಚ್ಚಿಟ್ಟವಳು ನಾನು.

ಪುಸ್ತಕ ಮೊದಲು ಬಂದಾಗ ಆ ಸುಳ್ಳು ಚುಚ್ಚಿತ್ತು. ಅಚ್ಚಾದದ್ದು ಶಾಸನವಿದ್ದಂತೆ, ಇನ್ನೇನು ಮಾಡಲಾದೀತು — ಎಂದುಕೊಂಡು ಸುಮ್ಮನಾದೆ. ಈಗ ಬಾಯಲ್ಲಿ ಸಕ್ಕರೆ ಇರುವಾಗಲೇ ರೇಣುಕಾ ಎಂದಳು:

"ಇದು ಬರೀ ರೀಪ್ರಿಂಟ್ ಅಲ್ಲ ಆಯಿ, ಹೊಸ ಎಡಿಷನ್!"

"ಎರಡೂ ಒಂದೇ ಅಲ್ಲೇನ?"

"ಅಲ್ಲಬೇ! ರೀಪ್ರಿಂಟ್ ಅಂದ್ರ ಇದ್ದದ್ದು ಇದ್ದಂಗ ಛಾಪಸೋದು. ಹೊಸ ಎಡಿಷನ್ ಅಂದ್ರ ತಪ್ಪಿದ್ದದ್ದು ತಿದ್ದಿ, ಬಿಟ್ಟದ್ದು ಸೇರಿಸಿ ಛಾಪಸೋದು. ಪ್ರೆಸ್ಸಿನವ್ರು ನಾಳೆ ಕೇಳ್ತಾರ. ಏನರ ತಿದ್ದೋದು ಅದ ಏನ್?"

ತಿದ್ದಲು ಬರುತ್ತದೆಯೇ? ಅಚ್ಚಾದದ್ದು ತಿದ್ದಲಾಗದು ಎಂಬುದೇ ಅಡಗಿ ಕೂರಲು ನನಗಿದ್ದ ಒಂದೇ ಜಾಗ — ಅದೂ ಹೋಯಿತು. ಎಲ್ಲವನ್ನೂ ಹೇಳಿದೆ. ಹುಡುಗಿ ಕೈಯಲ್ಲಿದ್ದ ಸಕ್ಕರೆ ಕೆಳಗಿಟ್ಟಳು.

"ಕಾಶಿ ಆಯಿ ಆ ಪುಸ್ತಕ ತನ್ನ ಮೊಮ್ಮಗನ ಕಡೆಯಿಂದ ಓದಿಸಿ ಕೇಳ್ಯಾಳ. ಅವನೇ ನನಗ ಹೇಳ್ಯಾನ. ಗೊತ್ತದ ಏನ್ ನಿನಗ?"

ಗೊತ್ತಿರಲಿಲ್ಲ. ಓದಿಸಿ ಕೇಳಿದ ಮೇಲೂ ಆಕೆ ಒಂದು ಮಾತು —

ಕಾಶಿ ಇರುವ ಮೋರಖಂಡಿಗೆ ನಾನೇ ಹೋಗಿ ಅವಳನ್ನು ಊಟಕ್ಕೆ ಕರೆದೆ. ಯಾಕೆಂದು ಕೇಳದೆ ಬಂದಳು.

ಆ ಸಂಜೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಒಂದೇ ಸಾಲಿನಲ್ಲಿ ಕೂತರು, ನಡುವೆ ಕಾಶೀಬಾಯಿ. ಮೊದಲ ಸವಟು ಭಜ್ಜಿ ಆಕೆಗೆ ಹಾಕಿದೆ. ಒಂದು ತುತ್ತು ಉಂಡು, ತಲೆಯೆತ್ತಿ ಮೆಲ್ಲಗೆ ಅಂದಳು:

"ನಿಮ್ಮವ್ವ ಛಲೋ ಕಲಿಸ್ಯಾಳ್ರಿ, ಅವ್ವಾರ."

ಅವತ್ತಿನ ಅದೇ ಮಾತು. ಅವಳಿಗೆ ಅವತ್ತೇ ಕೇಳಿಸಿತ್ತು!

"ನಮ್ಮವ್ವ ಅಲ್ಲ" ಎಂದೆ, ಎಲ್ಲರೆದುರು. "ನೀವು ಕಲಿಸಿದ್ದು, ಕಾಶಕ್ಕ. ನಮ್ಮ ಮಂದಿ ಅವತ್ತು ಉಂಡದ್ದೂ ನಿಮ್ಮ ಗಡಿಗಿಂದು. ನಾಳೆ ಹಂಗೇ ಬರೆಸ್ತೀನಿ."

ಕಾಶಕ್ಕ ರೊಟ್ಟಿ ಮುರಿದಳು, ಎಲ್ಲರೂ ಉಂಡೆವು. ನಾನು ಇನ್ನೊಂದು ಸವಟು ಹಾಕಲು ಬಗ್ಗಿದಾಗ, ಆಕೆ ತಾಟಿನ ಮೇಲೆ ಕೈ ಅಡ್ಡ ಹಿಡಿದಳು: "ಬರೆಸಿದ ಮ್ಯಾಲ ಹಾಕ್ರಿ, ಅವ್ವಾರ."