ಅತ್ತೆ ಕೂರಬೇಕಾದ ಕೆಂಪು ಕಾರು

ಉತ್ತರಹಳ್ಳಿಯ ನಮ್ಮ ಮನೆಯಿಂದ ಜೆ.ಪಿ. ನಗರದಲ್ಲಿ ನಾನು ಲೈಬ್ರರಿ ನೋಡಿಕೊಳ್ಳುವ ಶಾಲೆಯವರೆಗೆ ರಸ್ತೆಯಲ್ಲಿ ಹತ್ತೊಂಬತ್ತು ಹಂಪುಗಳಿವೆ. ಇಪ್ಪತ್ತು ವರ್ಷ ಸ್ಕೂಟರಿನಲ್ಲಿ ಓಡಾಡಿದಾಗ ಅವನ್ನು ಎಣಿಸಬೇಕೆಂದು ನನಗೆ ತೋಚಿರಲಿಲ್ಲ. ಎಣಿಸುವ ಹಾಗೆ ಮಾಡಿದ್ದು ಕೆಂಪು ಕಾರು. ಮನೆಗೆ ಬಂದ ಮೊದಲ ವಾರ ಹತ್ತೊಂಬತ್ತರಲ್ಲಿ ಹನ್ನೊಂದು ಕಡೆ ಅದರ ಹೊಟ್ಟೆ ಗರ್ರೆಂದು ನೆಲಕ್ಕೆ ಉಜ್ಜಿತು. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ಹತ್ತೊಂಬತ್ತಕ್ಕೆ ಹನ್ನೊಂದು.

ಅದನ್ನು ಕೊಂಡದ್ದು ಸಂಕ್ರಾಂತಿಯ ಮಾರನೆಯ ವಾರ, ಬಿ.ಟಿ.ಎಂ. ಲೇಔಟಿನ ಒಬ್ಬ ಹುಡುಗನಿಂದ. ಅವನಿಗೆ ಮದುವೆ ಗೊತ್ತಾಗಿತ್ತು, ದೊಡ್ಡ ಕಾರು ಬೇಕಾಗಿತ್ತು. ನೋಡುವುದಕ್ಕೆ ತರಕಾರಿ ತರುವ ಸಣ್ಣ ಕಾರು; ಒಳಗೆ ಮಾತ್ರ ಆ ಮೈಕಟ್ಟಿಗೆ ಹೆಚ್ಚೇ ಎನ್ನಿಸುವ ಎಂಜಿನ್. ಅಂಥವನ್ನು ಹುಡುಗರು ಹಾಟ್ ಹ್ಯಾಚ್ ಎನ್ನುತ್ತಾರೆ. ಆಕ್ಸಿಲರೇಟರಿನ ಮೇಲೆ ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಐವತ್ತೊಂದನೆಯ ವಯಸ್ಸಿಗೆ ನನಗೆ ಆ ಹುಚ್ಚು ಯಾಕೆ ಹಿಡಿಯಿತು ಎಂದು ಯಾರು ಕೇಳಿದರೂ ನನ್ನ ಹತ್ತಿರ ಒಂದೇ ಉತ್ತರ ಸಿದ್ಧವಿತ್ತು: "ಅತ್ತೇನ ಗುರುವಾರ ಗುರುವಾರ ಕರ್ಕೊಂಡು ಹೋಗೋಕೆ."

ಅದು ಪೂರ್ತಿ ಸುಳ್ಳೂ ಅಲ್ಲ. ನನ್ನ ಅತ್ತೆಗೆ ಎಪ್ಪತ್ತೆಂಟು. ತಿಪಟೂರಿನ ಕಡೆಯ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು, ನಮ್ಮ ಜೊತೆಯಲ್ಲೇ ಇದ್ದಾರೆ. ಪ್ರತಿ ಗುರುವಾರ ಜಯನಗರದ ತಂಗಿಯ ಮನೆಗೆ ಹೋಗಿ ಇಡೀ ದಿನ ಕೂತು ಬರುವುದು ಅವರ ಪದ್ಧತಿ. ಹೋಗುವುದು ಆಟೋದಲ್ಲಿ. ಮೂರು ವರ್ಷದಿಂದ ಅದೇ ಆಟೋ, ಅದೇ ಡ್ರೈವರ್. ಆತ ಬರುವುದು ತಡವಾದರೆ ಗೇಟಿನ ಬಳಿ ಅರ್ಧ ಗಂಟೆ ಸೆರಗು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಿದ್ದರು. ಮಂಡಿ ನೋವಿನವರು.

ಕಾರು ಬಂದ ದಿನ ಅತ್ತೆಯೇ ಮುಂದೆ ನಿಂತು ಆರತಿ ಎತ್ತಿಸಿದರು. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಡಿಸಿದರು. ಡಿಕ್ಕಿಗೂ ಕುಂಕುಮ ಇಡಬೇಕು ಎಂದು ಒಬ್ಬರೇ ಹಿಂದೆ ಹೋದವರು ಸ್ವಲ್ಪ ಹೊತ್ತು ಅಲ್ಲೇ ಏನೋ ಮಾಡುತ್ತಿದ್ದರು. ಆಮೇಲೆ ಮುಂದಿನ ಸೀಟಿನಲ್ಲಿ ಕೂತರು. ಕೂತರು ಎನ್ನುವುದಕ್ಕಿಂತ ಬಿದ್ದರು ಎನ್ನಬೇಕು. ರೇಸಿನವರ ಸೀಟು, ಎರಡೂ ಬದಿ ಎದ್ದು ನಿಂತು ಮಧ್ಯೆ ಗುಳಿಬಿದ್ದದ್ದು. ಬೀದಿಯ ತುದಿಯ ಹಂಪಿನಲ್ಲಿ ಹೊಟ್ಟೆ ಉಜ್ಜಿದಾಗ ಅವರು ನನ್ನ ತೋಳು ಹಿಡಿದ ಗುರುತು ಸಂಜೆಯವರೆಗೂ ಇತ್ತು. ಇಳಿಸಲು ನಾನೊಂದು ಕೈ, ನನ್ನ ಗಂಡ ಒಂದು ಕೈ ಹಿಡಿದು ಎಳೆಯಬೇಕಾಯಿತು.

"ಬಾವಿಗಿಳಿದು ಮೇಲೆ ಬಂದಂಗಾಯ್ತು ಕಣೇ," ಎಂದರು ಅತ್ತೆ. "ನೀನು ಓಡಿಸ್ಕೋ. ನಂಗೆ ಆ ಆಟೋನೇ ಸಾಕು."

ಗಂಡ ನಗಲಿಲ್ಲ. "ಅಮ್ಮನಿಗೋಸ್ಕರ ಅಂದೆ. ಅಮ್ಮನೇ ಕೂರಲ್ಲ ಅಂದ್ರೆ ಏನು ಅರ್ಥ?" ಎಂದರು. ಕಾಫಿ ಕುಡಿದು ಮುಗಿಸಿದ ಮೇಲೆ ತೀರ್ಪು ಕೊಟ್ಟರು: "ನೋಡು, ಆಯುಧಪೂಜೆ ತನಕ ಟೈಮು. ಅಷ್ಟರೊಳಗೆ ಅಮ್ಮ ಯಾರ ಕೈಯೂ ಹಿಡೀದೆ ಹತ್ತಿ ಇಳೀಬೇಕು. ಇಲ್ಲಾಂದ್ರೆ ಇದನ್ನ ಕೊಟ್ಟು ಎತ್ತರದ ಗಾಡಿ ಯಾವುದಾದ್ರೂ ತಗೊಳ್ಳೋಣ."

ಎತ್ತರದ ಗಾಡಿ ಎಂದರೆ ಅವರ ಮನಸ್ಸಿನಲ್ಲಿರುವುದು ಫ್ರಿಜ್ಜಿಗೆ ಚಕ್ರ ಹಚ್ಚಿದಂಥದ್ದು ಎಂದು ನನಗೆ ಗೊತ್ತಿತ್ತು. ಸರಿ ಅಂದೆ.

ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಗ್ಯಾರೇಜು. ನಡೆಸುವವರು ನಲವತ್ತರ ಆಸುಪಾಸಿನ ಮೆಕ್ಯಾನಿಕ್. ಬನಿಯನ್ನಿನ ಮೇಲೆ ನೀಲಿ ಕೋಟು, ಹಣೆಯಲ್ಲಿ ವಿಭೂತಿ, ಶನಿವಾರ ಮಧ್ಯಾಹ್ನದವರೆಗೆ ಉಪವಾಸ. ಕಾರಿನ ಅಡಿಗೆ ಬಗ್ಗಿ ನೋಡಿ ಎದ್ದರು.

"ಮೇಡಂ, ಹಿಂದಿನೋರು ಗಿಡ್ಡ ಸ್ಪ್ರಿಂಗ್ ಹಾಕ್ಸಿ ಎರಡಿಂಚು ಇಳಿಸಿದಾರೆ. ಏನ್ಮಾಡಣ ಈಗ?"

"ಏರಿಸ್ಬೇಕು."

"ಇಂಥ ಗಾಡಿ ತಂದೋರೆಲ್ಲ ಇಳಿಸಿ ಇಳಿಸಿ ಅಂತಾರೆ. ಏರಿಸಿ ಅಂತ ಬಂದೋರು ನೀವೇ ಫಸ್ಟು!"

"ನಮ್ಮತ್ತೆ ಕೂತ್ಕೋಬೇಕು ಇದರಲ್ಲಿ."

"ಓ, ಅತ್ತೆ ಲೆವೆಲ್ಲಾ? ಹಾಗಾದ್ರೆ ಹುಷಾರಾಗೇ ಮಾಡ್ಬೇಕು ಬಿಡಿ," ಎಂದು ನಕ್ಕರು.

ಎಂಜಿನ್ ಮುಟ್ಟಬೇಡಿ ಎಂದು ಮಾತ್ರ ಕಟ್ಟಪ್ಪಣೆ ಮಾಡಿದೆ. ಮಾರ್ಚಿನಲ್ಲಿ ಕಂಪನಿಯ ಅಳತೆಯ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಬಂದವು. ಕ್ಯಾಲೆಂಡರಿನ ಹಿಂದೆ ಬರೆದೆ: ಹತ್ತೊಂಬತ್ತಕ್ಕೆ ನಾಲ್ಕು. ಹುಡುಗ ಹಾಕಿಸಿದ್ದ ದೊಡ್ಡ ಚಕ್ರಗಳ ಟೈರು ಚಪಾತಿಯಷ್ಟು ತೆಳುವಾಗಿತ್ತು. ಅವನ್ನು ತೆಗೆಸಿ ಚಿಕ್ಕ ಚಕ್ರ, ದಪ್ಪ ಟೈರು ಹಾಕಿಸಿದೆ. ಹತ್ತೊಂಬತ್ತಕ್ಕೆ ಸೊನ್ನೆ. ಬೀದಿನಾಯಿಗಳನ್ನು ಎಬ್ಬಿಸುತ್ತಿದ್ದ ಸೈಲೆನ್ಸರ್ ಹೋಗಿ ಮರ್ಯಾದಸ್ಥರದ್ದು ಬಂತು. ಮಳೆಗಾಲಕ್ಕೆ ಮುಂಚೆ ಹೆಡ್‌ಲೈಟು, ಬ್ರೇಕ್ ಪ್ಯಾಡು. ಇವು ನನ್ನ ಸಮಾಧಾನಕ್ಕೆ. ಗೇರಿನ ಗುಂಡನ್ನೂ ಬದಲಾಯಿಸಿದೆ, ಅದು ಬರೀ ನನ್ನ ಆಸೆಗೆ. ಹಳೆಯದು ಬೇಸಗೆಯಲ್ಲಿ ಕೈ ಸುಡುತ್ತಿತ್ತು ಎಂದು ಗಂಡನಿಗೆ ಹೇಳಿದೆ.

ಸೀಟಿನ ಕೆಲಸಕ್ಕೆ ಹೆಚ್ಚು ದಿನ ಹಿಡಿಯಿತು. ಬನಶಂಕರಿಯಲ್ಲಿ ಹಾಸಿಗೆ ಹೊಲಿಯುವ ಮುದುಕರೊಬ್ಬರನ್ನು ಕರೆದುಕೊಂಡು ಬಂದು ತೋರಿಸಿದೆ. ಅವರು ಸೀಟಿನ ಗುಳಿಯನ್ನು ಗೇಣಿನಲ್ಲಿ ಅಳೆದು, "ಸ್ಪಂಜು ಬೇಡಮ್ಮ, ಆರು ತಿಂಗಳಿಗೆ ಕೂತ್ಕೊಂಡುಬಿಡತ್ತೆ. ಹತ್ತಿ ಗಟ್ಟಿಯಾಗಿ ತುಂಬ್ತೀನಿ," ಎಂದರು. ಗುಳಿಗೆ ಸರಿಯಾಗಿ ಕೂರುವ, ಬಾಗಿಲ ಕಡೆ ತುಸು ಇಳಿಜಾರಾದ ದಿಂಬು ಹೊಲಿದುಕೊಟ್ಟರು. ಅತ್ತೆಯ ಹಳೆಯ ಇಳಕಲ್ ಸೀರೆಯ ಬಟ್ಟೆಯನ್ನೇ ಅದಕ್ಕೆ ಗವಸು ಮಾಡಿದೆ. ಸೀರೆ ಕಂಡಾದರೂ ಮನಸ್ಸು ಬರಲಿ ಎಂದು.

ಬರಲಿಲ್ಲ. "ಚೆನ್ನಾಗಿದೆ," ಎಂದು ದಿಂಬನ್ನು ಎರಡು ಸಲ ತಟ್ಟಿ ಆಟೋ ಹತ್ತಿದರು.

ಈ ನಡುವೆ ನಾನು ಮಾತ್ರ ದಿನಾ ಸುಖಪಡುತ್ತಿದ್ದೆ. ಒಮ್ಮೆ ಬನಶಂಕರಿ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗನೊಬ್ಬ ಕಿಟಕಿಗೆ ಬಗ್ಗಿದ. "ಆಂಟಿ, ಸಖತ್ ಗಾಡಿ! ಮಗಂದಾ?"

"ನಂದೇ ಕಣಪ್ಪ."

"ಹೌದಾ! ಬನ್ನಿ ಹಾಗಾದ್ರೆ, ಮುಂದಿನ ಸಿಗ್ನಲ್ ತನಕ?"

"ಡಿಕ್ಕೀಲಿ ದೋಸೆ ಹಿಟ್ಟಿದೆ, ಚೆಲ್ಲತ್ತೆ. ನೀನು ಹೋಗು," ಎಂದೆ. ಹಸಿರು ಬಿದ್ದ ಮೇಲೆ, ನಿಜ ಹೇಳಬೇಕೆಂದರೆ, ಅವನು ನನ್ನ ಕನ್ನಡಿಯಲ್ಲಿ ಸ್ವಲ್ಪ ಹೊತ್ತು ಚಿಕ್ಕವನಾಗುತ್ತಾ ಹೋದ. ಹಿಟ್ಟು ಚೆಲ್ಲಲಿಲ್ಲ.

ಸೆಪ್ಟೆಂಬರಿನಲ್ಲಿ ಸದ್ದು ಶುರುವಾಯಿತು.

ಹಂಪು ಇಳಿದ ಕೂಡಲೇ ಹಿಂದಿನಿಂದ ಡುಬ್, ಅದರ ಬೆನ್ನಿಗೇ ಟಕ್. ಮೊದಲನೆಯದು ಮಂದ, ಎರಡನೆಯದು ಸಣ್ಣಗೆ. ಡುಬ್, ಟಕ್. ದಿನಕ್ಕೆ ಹೋಗುವಾಗ ಹತ್ತೊಂಬತ್ತು ಸಲ, ಬರುವಾಗ ಹತ್ತೊಂಬತ್ತು ಸಲ. ಗಂಡ ಒಂದು ಭಾನುವಾರ ಜೊತೆಗೆ ಬಂದವರು ಕೇಳಿಸಿಕೊಂಡು, "ಬಿಚ್ಚಿ ಬಿಚ್ಚಿ ಹಾಕ್ಸಿದ್ದಕ್ಕೇ ಇದು. ಅಮ್ಮ ಈ ಸದ್ದು ಕೇಳಿದ್ರೆ ಮುಗೀತು ಕಥೆ," ಎಂದರು. ರಾತ್ರಿ ಊಟದ ಮೇಜಿನ ಮೇಲೆ ಫ್ರಿಜ್ಜಿನಂಥ ಕಾರಿನ ಬಣ್ಣಬಣ್ಣದ ಪುಸ್ತಕವಿತ್ತು. ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟೆ.

ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಗ್ಯಾರೇಜಿನ ಬೀದಿಯಲ್ಲೇ ನಾಲ್ಕು ಸುತ್ತು ಹೊಡೆದೆ. ಅವರು ಕಣ್ಣುಮುಚ್ಚಿ ಕೇಳಿದರು. "ಎರಡು ಸದ್ದಿದೆ ಮೇಡಂ. ಒಂದು ಬುಷ್ಷು, ಇನ್ನೊಂದು ಶಾಕಿನ ಮೇಲ್ಗಡೆ ರಬ್ಬರ್." ಬುಷ್ ಬದಲಾಯಿತು. ಡುಬ್, ಟಕ್. ರಬ್ಬರ್ ಬದಲಾಯಿತು. ಡುಬ್, ಟಕ್. ಮೂರನೆಯ ಸಲ ಅವರು ತಲೆ ಕೆರೆದುಕೊಂಡು, "ಇದ್ಯಾವುದೋ ಬೇರೆ ಥರದ್ದು. ಡಿಕ್ಕೀಲಿರೋ ಜಾಕು, ಪಾನಾ ಎಲ್ಲಾನೂ ಅಲ್ಲಾಡದಂಗೆ ಬಟ್ಟೆ ಸುತ್ತಿ ಇಟ್ಟಿದೀನಿ. ಹಬ್ಬ ಮುಗೀಲಿ, ಪೂರ್ತಿ ಬಿಚ್ಚೋಣ," ಎಂದರು. ಹಬ್ಬ ಮುಗಿಯುವ ಹೊತ್ತಿಗೆ ಕಾರೇ ಇರುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ನವರಾತ್ರಿಗೆ ಇನ್ನೆರಡು ದಿನವಿದ್ದ ಗುರುವಾರ. ಶಾಲೆಗೆ ರಜೆ. ಜಯನಗರದ ತಂಗಿಯ ಮನೆಯಲ್ಲಿ ಗೊಂಬೆ ಜೋಡಿಸಲು ಅತ್ತೆ ಹೋಗಲೇಬೇಕು. ಪಟ್ಟದ ಗೊಂಬೆಗೆ ಸೀರೆ ಉಡಿಸುವುದು ಅವರ ಪಾಲಿನ ಕೆಲಸ. ಗೇಟಿನ ಬಳಿ ಮುಕ್ಕಾಲು ಗಂಟೆ ನಿಂತರು. ಕೊನೆಗೆ ಆಟೋದವರ ಫೋನು: ಗೇರ್ ಕೇಬಲ್ ಕಟ್ಟಾಗಿದೆಯಂತೆ.

ಅತ್ತೆ ನನ್ನ ಕಡೆ ನೋಡಿದರು, ಕಾರಿನ ಕಡೆ ನೋಡಿದರು. "ನಡಿ," ಎಂದರು, ಜೈಲಿಗೆ ಹೊರಟವರ ಹಾಗೆ.

ಬಾಗಿಲು ತೆಗೆದು ದೂರ ನಿಂತೆ. ಮೊದಲು ಇಳಕಲ್ ದಿಂಬಿನ ಮೇಲೆ ಕೂತರು, ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಿಕೊಂಡರು. ಬೀಳಲಿಲ್ಲ. ಅರ್ಧ ಗೆದ್ದೆ ಅಂದುಕೊಂಡೆ. ಬೀದಿಯ ತುದಿಯ ಹಂಪನ್ನು ಹಾಲಿನ ಪಾತ್ರೆ ಇಳಿಸುವ ಹಾಗೆ ಇಳಿಸಿದೆ. ಹೊಟ್ಟೆ ಉಜ್ಜಲಿಲ್ಲ. ಡುಬ್, ಟಕ್.

ಎರಡನೆಯ ಹಂಪು. ಡುಬ್, ಟಕ್. ಅತ್ತೆ ತಲೆ ವಾಲಿಸಿದರು. ನಾನು ಸುಮ್ಮನೆ ಗೊಂಬೆಗಳ ಮಾತು ತೆಗೆದೆ. "ಶ್! ಸುಮ್ನಿರು," ಎಂದರು. ಮೂರನೆಯದು. ಡುಬ್, ಟಕ್.

"ನಿಲ್ಸೇ ಗಾಡೀನ!"

ಹೊಂಗೆ ಮರದ ಕೆಳಗೆ ಪಕ್ಕಕ್ಕೆ ನಿಲ್ಲಿಸಿದೆ. ಮುಗಿಯಿತು, ಇನ್ನು ಆಟೋ ಹುಡುಕಬೇಕು ಎಂದುಕೊಂಡು ಬೆಲ್ಟ್ ಬಿಚ್ಚಿ ಅವರನ್ನು ಇಳಿಸಲು ಆ ಕಡೆ ಓಡಿದೆ. ಆ ಕಡೆ ಯಾರೂ ಇರಲಿಲ್ಲ. ಅತ್ತೆ ಆಗಲೇ ಇಳಿದು ಡಿಕ್ಕಿಯ ಹತ್ತಿರ ನಿಂತಿದ್ದರು.

"ತೆಗಿ ಇದನ್ನ. ಆ ಜಮಖಾನ ಎತ್ತು. ಸ್ಟೆಪ್ನಿ ಪಕ್ಕ ನೋಡು."

ಸ್ಟೆಪ್ನಿಯ ಪಕ್ಕದ ಸಂದಿಯಲ್ಲಿ ಕೆಂಪು ಬಟ್ಟೆಯ ಗಂಟೊಂದಿತ್ತು. ಅತ್ತೆ ಎತ್ತಿ, ಬಿಚ್ಚಿ, ಸುಲಿಯದ ಒಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಟಕ್, ಟಕ್.

"ಗಿಟುಕಾಗಿದೆ," ಎಂದರು, ಮುಖವೆಲ್ಲ ಅರಳಿಸಿಕೊಂಡು. "ಅಟ್ಟದ ಮೇಲಾದ್ರೆ ವರ್ಷ ಬೇಕು. ನಿನ್ನ ಡಿಕ್ಕೀಲಿ ಬೇಸಗೆ ಕಾವಿಗೆ ಬೇಗ ಒಣಗಿದೆ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ, ಅದು ಟಕ್ ಅನ್ನೋದು. ಸಿಪ್ಪೆ ಒಣಗಿ ಕಾಯಿ ಸಡಿಲ ಆಗಿದೆ, ಅದು ಡುಬ್. ನಮ್ಮಪ್ಪ ನನ್ನ ಕೈಲೇ ಕಾಯಿ ಅಲ್ಲಾಡ್ಸಿ ನೋಡಿಸ್ತಿದ್ರು ಕಣೇ."

"ನೀವು ಇಟ್ಟಿದ್ದಾ ಅತ್ತೆ?"

"ಮತ್ಯಾರು? ಗಾಡಿ ಬಂದ ದಿನ, ಕಾವಲಿಗೆ. ನೀನು ಆ ಪಾಟಿ ಓಡಿಸ್ತೀಯ, ನಾನು ಮನೇಲಿ ಕೂತು ಏನ್ ಮಾಡ್ಲಿ? ಹೇಳಿದ್ರೆ ನಗ್ತೀಯ ಅಂತ ಹೇಳ್ಲಿಲ್ಲ. ಆಮೇಲೆ ಮರ್ತೇಹೋಯ್ತು."

ಅಲ್ಲೇ ನಿಂತು ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. "ಅಯ್ಯೋ, ಆ ಕೆಂಪು ಗಂಟಾ?" ಎಂದರು ಅವರು. "ಮೂರು ಸಲಾನೂ ನೋಡಿದೀನಿ ಮೇಡಂ. ಪೂಜೇದು ಅಂತ ಗೊತ್ತಾಯ್ತು, ಎಣ್ಣೆ ಕೈಯಲ್ಲಿ ಹೆಂಗೆ ಮುಟ್ಟೋದು? ಕೈಮುಗಿದು ಜಮಖಾನ ಮುಚ್ಚಿದೆ. ಬುಷ್ ಹೆಂಗಿದ್ರೂ ಸವೆದಿತ್ತು ಬಿಡಿ, ಅದಕ್ಕೆ ಬೇಜಾರು ಮಾಡ್ಕೋಬೇಡಿ."

ಕಾವಲಿಗಿಟ್ಟದ್ದನ್ನು ತಿನ್ನುವಂತಿಲ್ಲವಂತೆ. ಆ ಗಿಟುಕು ನಮ್ಮ ಬಡಾವಣೆಯ ದೇವಸ್ಥಾನದ ಹೋಮಕ್ಕೆ, ಪೂರ್ಣಾಹುತಿಗೆ ಹೋಯಿತು. ಅಂದು ಜಯನಗರ ತಲುಪುವವರೆಗೂ ಅತ್ತೆ ಪ್ರತಿ ಹಂಪಿನಲ್ಲೂ ಕಿವಿಗೊಟ್ಟು, "ಈಗ ನೋಡು, ಉಸಿರೇ ಇಲ್ಲ," ಎನ್ನುತ್ತಿದ್ದರು. ತಂಗಿಯ ಮನೆಯ ಮುಂದೆ ಇಳಿದು, ಬಾಗಿಲು ಹಾಕಿ, ಹಿಂದಿರುಗಿ ನೋಡದೆ ಒಳಗೆ ಹೋದರು. ಕೈ ಹಿಡಿಯಲು ನಾನು ಬಂದಿದ್ದನ್ನೂ ಗಮನಿಸಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದೆ. ಗಂಡ ಅಂಗಳಕ್ಕೆ ಬಂದು ತಮಾಷೆಗೋ ನಿಜಕ್ಕೋ ಅತ್ತೆಯನ್ನು ಕೇಳಿದರು: "ಏನಮ್ಮ, ಟೈಮು ಮುಗೀತು. ಇದಕ್ಕೆ ಪೂಜೆ ಮಾಡೋದಾ, ಕೊಟ್ಬಿಡೋದಾ?"

ಅತ್ತೆ ನೇರವಾಗಿ ಕಾರಿನ ಹಿಂದಕ್ಕೆ ನಡೆದರು. ಅವರ ಕಂಕುಳಲ್ಲಿ ಸುಲಿಯದ ಹೊಸ ಕಾಯಿ, ಕೈಯಲ್ಲಿ ಹೊಸ ಕೆಂಪು ಬಟ್ಟೆ. ನನ್ನನ್ನು ಡಿಕ್ಕಿಯ ಹತ್ತಿರ ಕರೆದರು. ಈ ಸಲ ಗುಟ್ಟಿಲ್ಲ. ಗಂಟು ಕಟ್ಟಿ, ಸ್ಟೆಪ್ನಿಯ ಪಕ್ಕದಲ್ಲಿ ತಾವೇ ಒತ್ತಿ ಕೂರಿಸಿ, ಜಮಖಾನ ಎಳೆದು ಮುಚ್ಚಿದರು.

"ಮುಂದಿನ ವರ್ಷ ಗೌರಿ ಹಬ್ಬದ ಹೊತ್ತಿಗೆ ಮತ್ತೆ ಸದ್ದು ಬರತ್ತೆ," ಎಂದರು. "ಬಂದ ಕೂಡ್ಲೇ ಗ್ಯಾರೇಜಿಗೆ ಓಡ್ಬೇಡ. ನನ್ನ ಕೂರಿಸ್ಕೊಂಡು ಒಂದು ರೌಂಡು ಹೋಗು, ಹೇಳ್ತೀನಿ."